ಮೇ ತಿಂಗಳ ಸಾಲ, ಜನವರಿಯ ರಾಶಿ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಬುದ್ಧಿಮಾತು ತಿಂಗಳ ಸಂಬಳದವರಿಗೆ ಸರಿಯಾಗಿ ಒಪ್ಪುತ್ತದೆ. ಅವರ ಹಾಸಿಗೆಯ ಉದ್ದ ಹನ್ನೆರಡು ತಿಂಗಳೂ ಒಂದೇ. ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ತಾಲ್ಲೂಕುಗಳ ಒಣಬೇಸಾಯದ ಮನೆಗಳಲ್ಲಿ ಮಾತ್ರ ಹಾಸಿಗೆ ಜನವರಿಯಲ್ಲಿ ಉದ್ದ, ಜೂನ್‌ನಲ್ಲಿ ಗಿಡ್ಡ. ಈ ಭಾಗದ ಸಂಸಾರಗಳ ಸಾಲಕ್ಕೆ ದುಂದುವೆಚ್ಚವೇ ಕಾರಣವೆಂದು ಉಪದೇಶ ಮಾಡುವವರು ಬಹಳ. ಆದರೆ ಖರ್ಚು ಬರುವ ತಿಂಗಳು ಯಾವುದು, ಹಣ ಬರುವ ತಿಂಗಳು ಯಾವುದು ಎಂದು ಎದುರುಬದುರು ಇಟ್ಟು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ.

ಮುಂಗಾರಿನ ಹೆಸರು, ಉದ್ದು ಆಗಸ್ಟ್ ಕೊನೆಗೆ, ಸೆಪ್ಟೆಂಬರ್‌ಗೆ ಕೈಗೆ ಬರುತ್ತವೆ. ಸೋಯಾ ಅಕ್ಟೋಬರ್‌ನಲ್ಲಿ. ದೊಡ್ಡ ಹಣ ತರುವ ತೊಗರಿಯ ರಾಶಿ ಆಗುವುದು ಡಿಸೆಂಬರ್, ಜನವರಿಗೆ. ಹಿಂಗಾರಿನ ಜೋಳ, ಕಡಲೆ ಅದರ ಬೆನ್ನಿಗೆ. ಮಾರ್ಚ್ ಮುಗಿದರೆ ಹೊಲದಿಂದ ಬರುವುದು ಏನೂ ಇಲ್ಲ. ಖರ್ಚು ಶುರುವಾಗುವುದೇ ಆಗ. ಏಪ್ರಿಲ್, ಮೇ ಲಗ್ನದ ದಿನಗಳು. ಜೂನ್ ಹುಟ್ಟುತ್ತಲೇ ಬೀಜ, ಗೊಬ್ಬರ, ಬಾಡಿಗೆ ಟ್ರ್ಯಾಕ್ಟರ್. ಅದೇ ವಾರ ಮಕ್ಕಳ ಶಾಲೆ ಫೀಸು, ಪುಸ್ತಕ, ಬಟ್ಟೆ. ಮಳೆ ಹಿಡಿದ ಮೇಲೆ ಜ್ವರದ ಕಾಲ. ಸುಗ್ಗಿಯ ದುಡ್ಡನ್ನೇ ಉಳಿಸಿಟ್ಟುಕೊಂಡು ಇದನ್ನೆಲ್ಲ ನಿಭಾಯಿಸಬಾರದೇ ಎಂದು ಯಾರಾದರೂ ಕೇಳಬಹುದು. ಆ ದುಡ್ಡು ಹಿಂದಿನ ಜೂನ್‌ನ ಸಾಲಕ್ಕೆ ಹೋಗಿರುತ್ತದೆ. ಒಮ್ಮೆ ಹೀಗೆ ಆರು ತಿಂಗಳು ಹಿಂದೆ ಬಿದ್ದ ಮನೆ ಮುಂದಿನ ವರ್ಷವೂ ಅಷ್ಟೇ ಹಿಂದೆ ಇರುತ್ತದೆ.

ಇದು ಹೊಸ ತೊಂದರೆಯೇನಲ್ಲ. ಬೀದರ್ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮರಾಠವಾಡಾ ಮತ್ತು ಅದರ ಅಂಚಿನ ಸೀಮೆಗಳಲ್ಲಿ ಬಿತ್ತನೆಗೆ ಸಾವುಕಾರನ ಮನೆಯಿಂದ ತಂದ ಕಾಳನ್ನು ಸುಗ್ಗಿಯಲ್ಲಿ ‘ಸವಾಯಿ’ ಇಲ್ಲವೇ ‘ದೀಡಿ’ ಲೆಕ್ಕದಲ್ಲಿ ತೀರಿಸುವ ರೂಢಿ ಇತ್ತು. ನಾಲ್ಕು ಚೀಲ ತಂದವನು ಸವಾಯಿಯಲ್ಲಿ ಐದು, ದೀಡಿಯಲ್ಲಿ ಆರು ಚೀಲ ಅಳೆದುಕೊಡಬೇಕು. ಐದಾರು ತಿಂಗಳಿಗೆ ಶೇ 25 ಅಥವಾ ಶೇ 50. ಸಾಲ ಬೆಳೆದು ಜಮೀನು ಕೈಬಿಡುವುದು ಹೆಚ್ಚಾದಾಗ ನಿಜಾಮ್ ಸರ್ಕಾರ 1930ರ ದಶಕದಲ್ಲಿ ಭೂಮಿಯ ಪರಭಾರೆಗೆ ಅಂಕೆ ಹಾಕಿತು; ಫಸಲಿ 1349ರಲ್ಲಿ, ಎಂದರೆ 1939–40ರಲ್ಲಿ, ಲೇವಾದೇವಿಗಾರರ ಮೇಲೂ ಕಾನೂನು ತಂದಿತು. ರಾಜ್ಯದ 1961ರ ಕಾಯಿದೆ, ದೇವರಾಜ ಅರಸು ಕಾಲದ 1976ರ ಋಣ ಪರಿಹಾರ ಕಾಯಿದೆ ಆಮೇಲಿನವು. ಕಾನೂನುಗಳು ಬಂದವು, ಜೂನ್ ತಿಂಗಳು ಮಾತ್ರ ಜೂನ್‌ನಲ್ಲೇ ಉಳಿಯಿತು.

ಆ ಕಾಲದ ರೈತನಿಗೆ ಒಂದು ಅನುಕೂಲ ಇತ್ತು: ವರ್ಷದ ಜೋಳ ಹಗೇವಿನಲ್ಲಿ ಇರುತ್ತಿತ್ತು. ನೆಲದೊಳಗಿನ ಆ ಉಗ್ರಾಣ ತುಂಬಿದ್ದರೆ ಊಟಕ್ಕಾಗಿಯಾದರೂ ಸಾಲ ಮಾಡಬೇಕಿರಲಿಲ್ಲ. ಹಗೇವು ಹೋಯಿತು, ಜೋಳದ ಹೊಲಗಳಿಗೆ ಸೋಯಾ ಬಂತು. ಸೋಯಾ ರೊಕ್ಕ ತರುತ್ತದೆ, ರೊಟ್ಟಿ ಆಗುವುದಿಲ್ಲ. ಮನೆಯ ಹಿಟ್ಟನ್ನೂ ಅಂಗಡಿಯಿಂದ ಉದ್ರಿ ತರುವ ಸ್ಥಿತಿ ಹೀಗೆ ಬಂತು.

ಬಡ್ಡಿಯ ಭಾಷೆಯೂ ಸಾಲಗಾರನ ಕಣ್ಣಿಗೆ ಮಣ್ಣೆರಚುವಂಥದು. ‘ಮೂರು ರೂಪಾಯಿ ಬಡ್ಡಿ’ ಎಂದಾಗ ಕೇಳುವವರಿಗೆ ಚಿಲ್ಲರೆಯಂತೆ ಕಾಣುತ್ತದೆ. ಅದು ನೂರಕ್ಕೆ ತಿಂಗಳಿಗೆ ಮೂರು, ಅಂದರೆ ವರ್ಷಕ್ಕೆ ಶೇ 36. ಮೇ ಕೊನೆಯಲ್ಲಿ 20,000 ರೂಪಾಯಿ ತಂದು ಜನವರಿ ಕೊನೆಗೆ ತೀರಿಸಿದರೆ ಬಡ್ಡಿಯೇ 4,800 ರೂಪಾಯಿ. ಪೇಟೆಗಳ ವಾರದ ಸಾಲ ಇನ್ನೂ ಜಾಣತನದ್ದು. 10,000 ಎಂದು ಬರೆಸಿಕೊಂಡು 9,000 ಕೈಗೆ ಕೊಡುತ್ತಾರೆ. ವಾರಕ್ಕೆ ಸಾವಿರದಂತೆ ಹತ್ತು ವಾರ ಕಟ್ಟಬೇಕು. ಹತ್ತಕ್ಕೆ ಒಂದು ಹೋಯಿತು, ಅಷ್ಟೇ ತಾನೆ ಎಂದು ತೋರುತ್ತದೆ. ಆದರೆ ಮೊದಲ ವಾರದಿಂದಲೇ ಅಸಲು ಕರಗುತ್ತಾ ಬರುವುದರಿಂದ ಪೂರ್ತಿ ಹಣ ಸಾಲಗಾರನ ಬಳಿ ಇರುವುದು ಒಂದೇ ವಾರ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 100 ದಾಟುತ್ತದೆ. ಭದ್ರತೆ ಇರುವ ಸಾಲಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16 ಮೀರಬಾರದೆಂದು ರಾಜ್ಯದ ನಿಯಮ ಹೇಳುತ್ತದೆ!

ಬಸವಕಲ್ಯಾಣದ ನೆಲದಲ್ಲಿ ಮನೆಯ ಲೆಕ್ಕದ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನ ನೆನಪಾಗುವುದು ಸಹಜ. ಹನ್ನೆರಡನೆಯ ಶತಮಾನದ ಈ ಶರಣೆಯ ಗಂಡ ಮಾರಯ್ಯನ ಕಾಯಕ, ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಲಕ್ಕಮ್ಮ ಅವನನ್ನು ಕಳಿಸಿದಳೆಂಬ ಕಥೆ ಪ್ರಸಿದ್ಧ. ಆಸೆ ಕೂಡದೆಂಬ ನೀತಿಗೆ ಇದನ್ನು ಬಳಸುತ್ತಾರೆ. ವರ್ಷಕ್ಕೊಮ್ಮೆ ಗಳಿಸುವ ರೈತನ ಮನೆಗೆ ಅಂದಂದಿನದು ಅಂದಂದಿಗೆ ಎಂಬ ಆ ನೇಮ ಹೊಂದುವುದಿಲ್ಲ, ಅಲ್ಲಿ ಕೂಡಿಡಲೇಬೇಕು. ಆದರೆ ಕಥೆಯ ಇನ್ನೊಂದು ಅಂಶವನ್ನು ಹೆಚ್ಚು ಜನ ಗಮನಿಸಿದಂತಿಲ್ಲ. ಮನೆಗೆ ಎಷ್ಟು ಬಂತು, ಎಲ್ಲಿಂದ ಬಂತು, ಎಷ್ಟು ಬೇಕು ಎಂಬ ಅಳತೆ ಗೊತ್ತಿದ್ದದ್ದು ಒಲೆಯ ಮುಂದೆ ಇದ್ದವಳಿಗೆ.

ಎಂಟು ಶತಮಾನಗಳ ನಂತರ ಬ್ಯಾಂಕುಗಳಿಗೂ ಅದೇ ತಿಳಿಯಿತು. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕೋಲಾರದ ಕಾಮಸಮುದ್ರ ಮೊದಲಾದ ಕಡೆ ಕಟ್ಟಿದ ಸಣ್ಣ ಗುಂಪುಗಳನ್ನು ನೋಡಿ ನಬಾರ್ಡ್ 1987ರಲ್ಲಿ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ ಇಡೀ ದೇಶಕ್ಕೆ 500 ಗುಂಪುಗಳ ಗುರಿಯೊಂದಿಗೆ ಬ್ಯಾಂಕ್ ಜೋಡಣೆಯ ಪ್ರಯೋಗ ಆರಂಭವಾಯಿತು. ಗುಂಪು ಸಾಲವನ್ನು ಸಹಕಾರಿ ರಂಗದೊಳಕ್ಕೆ ತಂದವರಲ್ಲಿ ಬೀದರ್ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕ್ ಮುಖ್ಯವಾದುದು. ಗುರುಪಾದಪ್ಪ ನಾಗಮಾರಪಳ್ಳಿ ಅಧ್ಯಕ್ಷರಾಗಿದ್ದ ಕಾಲದಲ್ಲಿ ಊರೂರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕವೇ ಮಹಿಳೆಯರ ಗುಂಪುಗಳು ಬೆಳೆದವು.

ಗುಂಪಿನ ವ್ಯವಹಾರ ಸರಳ. ಹದಿನೈದು ಹೆಂಗಸರು ವಾರಕ್ಕೆ 20 ರೂಪಾಯಿ ಹಾಕಿದರೆ ವರ್ಷಕ್ಕೆ 15,600 ರೂಪಾಯಿ. ಅದರಿಂದ ಒಳಸಾಲ ಕೊಟ್ಟು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಹಿಡಿಯುವ ಗುಂಪುಗಳು ಬಹಳ. ಇದೂ ಶೇ 24 ಆಯಿತಲ್ಲ ಎನ್ನಬಹುದು. ವ್ಯತ್ಯಾಸವೆಂದರೆ ಆ ಬಡ್ಡಿ ಗುಂಪಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಕಟ್ಟಿದವಳಿಗೂ ಅದರಲ್ಲಿ ಪಾಲುಂಟು. ಹೆಚ್ಚಿನ ಲಾಭ ಬೇರೆಯದು. ಸಂತೆಯ ದಿನ ಇಪ್ಪತ್ತು, ಕೂಲಿಯ ದಿನ ಇಪ್ಪತ್ತು ಎಂದು ಜನವರಿಯಿಂದ ಸೇರಿದ್ದು ಜೂನ್‌ನಲ್ಲಿ ಎದ್ದು ಬರುತ್ತದೆ. ಸಾವುಕಾರ ಬಡ್ಡಿ ತಿನ್ನುತ್ತಿದ್ದದ್ದು ಈ ಆರು ತಿಂಗಳ ಸಂದಿಯಲ್ಲೇ.

ಆ ಸಂದಿಯಲ್ಲೀಗ ಕಿರುಸಾಲ ಕಂಪನಿಗಳು ಕಾಲಿಟ್ಟಿವೆ. ಕಾಗದಪತ್ರ ಕಡಿಮೆ, ಹಣ ಬೇಗ, ಮನೆ ಬಾಗಿಲಿಗೆ ವಸೂಲಿ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಇಂಥ ಸಾಲ ಕೊಡಬಹುದು. ಎಲ್ಲ ಕಂತುಗಳೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. 3 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 25,000, ಕಂತಿನ ಮಿತಿ 12,500. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಹುಮನಾಬಾದ್‌ನ ಹೊಲ ಜೂನ್‌ನಲ್ಲಿ 25,000 ಕೊಡುವುದಿಲ್ಲ, ಬೇಡುತ್ತದೆ. ಆಗ ಒಂದು ಕಂಪನಿಯ ಕಂತಿಗೆ ಇನ್ನೊಂದರಿಂದ ಸಾಲ ಏಳುತ್ತದೆ. ವಸೂಲಿಯ ಕಿರುಕುಳಕ್ಕೆ ಬೇಸತ್ತು ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ರಾಜ್ಯದ ಹಲವೆಡೆಯಿಂದ ಬಂದ ಮೇಲೆ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಯನ್ನು ಅಪರಾಧವೆಂದಿತು. ಕಿರುಕುಳಕ್ಕೆ ಇದು ತಡೆಯಾದೀತು. ಕಂತಿನ ತಾರೀಖು ಬದಲಾಗದು.

ಖರ್ಚು ಕಡಿಮೆ ಮಾಡುವ ಮಾತಿಗೆ ಬಂದರೆ, ಚಹಾ ಬಿಡಿ, ಎಲೆ ಅಡಿಕೆ ಬಿಡಿ ಎನ್ನುವ ಸಲಹೆಯಿಂದ ಉಳಿಯುವುದು ಅಷ್ಟಕ್ಕಷ್ಟೆ. ಎರಡು ಎಕರೆಗಾದರೂ ಜೋಳ ಬಿತ್ತಿ ವರ್ಷದ ಕಾಳು ಮನೆಯಲ್ಲಿಡುವುದು, ಬೇಳೆಗೆ ಬೇಕಾದಷ್ಟು ತೊಗರಿಯನ್ನು ಮಾರದೆ ಉಳಿಸುವುದು, ಲಗ್ನವನ್ನು ಸಾಮೂಹಿಕ ವಿವಾಹದಲ್ಲಿ ಮುಗಿಸುವುದು ಇವುಗಳಿಂದ ಉಳಿಯುವುದು ನಿಜ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಗೆ ಈ ಸೀಮೆಯಲ್ಲಿ ಹೆಚ್ಚಿನ ಬೆಲೆ ಇರುವುದು ಅದು ತಿಂಗಳ ಲೆಕ್ಕದ ಹಣವಾದ್ದರಿಂದ. ತಡವಾದರೆ ಆ ಬೆಲೆಯೂ ಇಳಿಯುತ್ತದೆ. ಆದರೆ ಹೆಚ್ಚಿನ ಮನೆಗಳಲ್ಲಿ ಕಡಿಮೆ ಮಾಡಬೇಕಾದ ಮೊದಲ ಖರ್ಚು ಬಡ್ಡಿಯೇ. ಅಡವಿಡಲು ನಾಲ್ಕು ಮಾಸೆ ಬಂಗಾರವಿದ್ದರೆ ಗಿರವಿ ಅಂಗಡಿಗಿಂತ ಬ್ಯಾಂಕು ಅಗ್ಗ. ಬೆಳೆಸಾಲಕ್ಕೆ ಸಹಕಾರ ಸಂಘ ಇನ್ನೂ ಅಗ್ಗ, ಸಕಾಲಕ್ಕೆ ಕಟ್ಟಿದವರಿಗೆ ಬಡ್ಡಿಯೇ ಇಲ್ಲ.

ಆ ‘ಸಕಾಲ’ದಲ್ಲೂ ಒಂದು ತೊಡಕು ಉಂಟು. ಹಳೆಯ ಸಾಲ ಪೂರ್ತಿ ಕಟ್ಟಿದ ಮೇಲೆಯೇ ಹೊಸದು ಮಂಜೂರಾಗುತ್ತದೆ. ಕಟ್ಟುವ ದಿನ ಕೈಯಲ್ಲಿ ಹಣವಿಲ್ಲದವನು ಎಂಟು ಹತ್ತು ದಿನದ ಮಟ್ಟಿಗೆ ಸಾವುಕಾರನಿಂದ ಕೈಗಡ ತಂದು ಕಟ್ಟುತ್ತಾನೆ, ಹೊಸ ಸಾಲ ಬಂದೊಡನೆ ಅವನಿಗೆ ಹಿಂದಿರುಗಿಸುತ್ತಾನೆ. ಸಂಘದ ಪುಸ್ತಕದಲ್ಲಿ ಬಡ್ಡಿ ಸೊನ್ನೆ. ಆ ಹತ್ತು ದಿನಕ್ಕೆ ಕೊಟ್ಟದ್ದು ಯಾವ ಪುಸ್ತಕದಲ್ಲೂ ಇರುವುದಿಲ್ಲ.