ಏರುಮಡಿಗಳನ್ನು ಅಲ್ಪ ವೆಚ್ಚದಲ್ಲಿ ತುಂಬುವ ಬಗೆ

ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯ ಸೀಮೆಯಲ್ಲಿ ಎರೆ, ಮಸಾರಿ ಎಂಬ ಎರಡು ತರದ ಭೂಮಿಗಳುಂಟು. ಮಳೆ ಹಿಡಿದಾಗ ಎರೆಯು ನೀರನ್ನು ಬೇಗ ಬಸಿಯಗೊಡದು. ಅಂಥಲ್ಲಿ ಸಪಾಟು ಮಡಿಯ ಮೆಣಸಿನ ಅಗಿಯು ಬುಡ ಕೊಳೆತು ಒಂದೆರಡು ದಿನಗಳಲ್ಲಿ ಮಲಗಿಬಿಡುವದು. ಅಗಿ ಹೋದರೆ ಹಂಗಾಮೇ ಹೋದಂತೆ. ಆದುದರಿಂದ ಎರೆಯಲ್ಲಿ ಏರುಮಡಿ ಅವಶ್ಯವು. ಮಸಾರಿಯಲ್ಲಿ ತೇವವು ಬೇಗನೆ ಆರುವದರಿಂದ ಬೇಸಿಗೆಯ ಕಾಯಿಪಲ್ಲೆಗೆ ತಗ್ಗುಮಡಿಯೇ ಲೇಸು. ಅಲ್ಲಿ ಏರುಮಡಿಗೆ ಹಣ ಹಾಕುವದು ವ್ಯರ್ಥ.

ಅಗಿಯ ಮಡಿಗೆ ಅರ್ಧ ಅಡಿ ಎತ್ತರ ಸಾಕು. ಎರಡೂ ಬದಿಗೆ ಕಾಲುವೆ ತೋಡಿದ ಮಣ್ಣೇ ಅದಕ್ಕೆ ಸಾಲುವದು. ಖರ್ಚಿನ ಮಾತು ಏಳುವದು ಹಿತ್ತಲಿನಲ್ಲಿ ಕಲ್ಲಿನ ಅಂಚು ಕಟ್ಟಿದ ಕಾಯಿಪಲ್ಲೆಯ ಮಡಿಗಳಿಗೆ. 10 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಮಡಿಗೆ 60 ಘನ ಅಡಿ ಮಣ್ಣು ಬೇಕು. ಆದರೆ ಕಾಯಿಪಲ್ಲೆಯ ಬೇರುಗಳು ಬಹುಮಟ್ಟಿಗೆ ಮೇಲ್ಪದರದಲ್ಲಿಯೇ ಆಹಾರ ಹುಡುಕುವವು. ಕೆಳಗಿನ 9 ಅಂಗುಲವನ್ನು ಹೊಲದ ಕಸದಿಂದ ತುಂಬಿದರೆ ಹೊರಗಿನಿಂದ ತರುವ ಮಣ್ಣು 30 ಘನ ಅಡಿಗೆ ಇಳಿಯುವದು.

ತಳಕ್ಕೆ ಹತ್ತಿ ಮತ್ತು ತೊಗರಿಯ ಕಟ್ಟಿಗೆಯನ್ನು ತುಂಡರಿಸಿ ಹಾಸಬೇಕು. ಹತ್ತಿಕಟ್ಟಿಗೆಯಲ್ಲುಳಿದ ಒಣಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳು ಅಡಗಿರುವದುಂಟು. ಅವುಗಳನ್ನು ಮೊದಲು ಕಿತ್ತು ಸುಡತಕ್ಕದ್ದು. ಮೇಲೆ ಗೋವಿನಜೋಳದ ದಂಟು, ಶೇಂಗಾ ಸಿಪ್ಪೆ, ದನ ತಿಂದು ಬಿಟ್ಟ ಕಣಿಕೆ ಹಾಕಬಹುದು. ಒಳ್ಳೆಯ ಕಣಿಕೆಯನ್ನು ಮಡಿಗೆ ಹಾಕುವದು ಉಳಿತಾಯವಲ್ಲ, ಅದು ದನದ ಮೇವು. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕಿತ್ತು ಹಾಕಬೇಕು. ಪ್ರತಿ ಪದರಕ್ಕೂ ಸಗಣಿಯ ರಾಡಿ ಸುರಿದು ತುಳಿಯಬೇಕು. ಒಣಗಿದ್ದರೆ ಗೆದ್ದಲು ಸೇರುವದು.

ಕಸವನ್ನು ಹೀಗೆ ಕೊಳೆಯಿಸುವದು ಹೊಸದಲ್ಲ. ಇಂದೂರಿನಲ್ಲಿ ಆಲ್ಬರ್ಟ್ ಹೊವರ್ಡ್ ಇವರು 1924ರಿಂದ 1931ರ ವರೆಗೆ ರೂಢಿಸಿದ ಕ್ರಮದಲ್ಲಿ ಕಸವನ್ನು ಪದೇ ಪದೇ ಮಗುಚಬೇಕಾಗುತ್ತಿತ್ತು. ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ಇವರು 1939ರಲ್ಲಿ ರೂಪಿಸಿದ ಕ್ರಮದಲ್ಲಿ ತಗ್ಗಿನ ಮೇಲೆ ಮಣ್ಣು ಮೆತ್ತಿ ಬಿಡುವದರಿಂದ ಆ ಆಳಿನ ಖರ್ಚು ತಪ್ಪಿತು. ಏರುಮಡಿಯ ತಳವನ್ನೂ ಇಂಥದೇ ಒಂದು ಗೊಬ್ಬರದ ಗುಂಡಿಯೆಂದು ಎಣಿಸಬಹುದು. ಆದರೆ ಕಸವು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸೂಕ್ಷ್ಮಜೀವಿಗಳೇ ಹೀರುವವು. ಪೈರು ಹಳದಿಗೆ ತಿರುಗುವದು. ಆದ್ದರಿಂದ ಬೇಸಿಗೆಯಲ್ಲಿಯೇ ಮಡಿ ತುಂಬಿ ತೇವವಿಡಬೇಕು. ಮೊದಲ ವರ್ಷ ಚವಳಿಕಾಯಿ, ಅವರೆಯಂಥ ದ್ವಿದಳ ಬೆಳೆಗಳನ್ನೇ ಹಾಕಬೇಕು.

ಮೇಲಿನ 9 ಅಂಗುಲಕ್ಕೆ ಎರಡು ಬುಟ್ಟಿ ಮಸಾರಿ ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಬೇಕು. ಬರಿಯ ಎರೆ ಹಾಕಿದರೆ ಬಿಸಿಲಿಗೆ ಬಿರುಕು ಬಿಡುವದು. ಕೆರೆಯ ಹೂಳು ದೊರೆತರೆ ಗೊಬ್ಬರದೊಡನೆ ಅದನ್ನೂ ಬೆರೆಸಬಹುದು. ಮಾಗಡಿ ಕೆರೆಯು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಸಂರಕ್ಷಿತ ಪಕ್ಷಿಸ್ಥಾನ. ಅಲ್ಲಿಯ ಹೂಳಿಗೆ ಕೈಯಿಡಲಾಗದು. ಊರಿನ ಕೆರೆಯಿಂದ ಪಂಚಾಯತಿಯ ಒಪ್ಪಿಗೆಯಿಂದ ಹೂಳು ತೆಗೆಯುವಾಗ ಟ್ರ್ಯಾಕ್ಟರ್ ಉಳ್ಳವರೇ ಎಲ್ಲವನ್ನೂ ಒಯ್ಯದೆ, ಹಿತ್ತಲು ಮಾತ್ರ ಉಳ್ಳವರಿಗೂ ಒಂದು ಚಕ್ಕಡಿ ಸಲ್ಲುವಂತೆ ಹಿರಿಯರು ನೋಡತಕ್ಕದ್ದು.

ಮೊದಲ ಮಳೆಗಾಲದಲ್ಲಿ ಕಸ ಕೊಳೆತು ಮಡಿಯು ಕುಸಿಯುವದು. ಅದಕ್ಕೆ ಅಂಜಿ ತಳವನ್ನು ಅಗೆಯಬಾರದು. ಮರುವರ್ಷ ಮೃಗಶಿರಾ ಮಳೆಗೆ ಮುಂಚೆ ಕುಸಿದಷ್ಟು ಎತ್ತರಕ್ಕೆ ಗೊಬ್ಬರ ಬೆರೆತ ಮಣ್ಣು ಏರಿಸಿದರಾಯಿತು.