ಯಂತ್ರವನ್ನೇ ಕೇಳಿ ನೋಡು

ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಪರ್ಲ್, ಪೈಥಾನ್, ರೂಬಿಯಂಥ ಭಾಷೆಯೊಂದರ ಇಂಟರ್‌ಪ್ರಿಟರನ್ನು ಯುನಿಕ್ಸ್ ಗಣಕದಲ್ಲಿ ಸೋರ್ಸ್ ಕೋಡಿನಿಂದಲೇ ಕಟ್ಟಿಕೊಂಡವರಿಗೆಲ್ಲ ಈ ಮೂರು ಆಜ್ಞೆಗಳು ಬಾಯಿಪಾಠ. ಸಾಲಾಗಿ ಬರುವುದರಿಂದ ಮೂರನ್ನೂ ಯಾರೋ ಒಬ್ಬರೇ ಕೂತು ಯೋಚಿಸಿ ಮಾಡಿಟ್ಟರೇನೋ ಅನ್ನಿಸುತ್ತದೆ. ಹಾಗಿಲ್ಲ. ಎರಡನೆಯದು ಮೊದಲು ಹುಟ್ಟಿತು. ಮೊದಲನೆಯದು ಹುಟ್ಟಲು 1980ರ ದಶಕ ಬರಬೇಕಾಯಿತು. ಒಂದೊಂದರ ಹಿಂದೆಯೂ ಒಂದೊಂದು ತಾಪತ್ರಯವಿತ್ತು.

1976ನೆಯ ಇಸವಿ, ಅಮೆರಿಕದ ಬೆಲ್ ಲ್ಯಾಬ್ಸ್. ಯಾಕ್ ಎಂಬ ಹೆಸರಾಂತ ಸಾಧನವನ್ನು ಬರೆದ ಸ್ಟೀವ್ ಜಾನ್ಸನ್ ಒಂದು ದಿನ ಸಿಡಿಮಿಡಿಗುಟ್ಟುತ್ತ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಬಂದರು. ಸರಿಯಾಗಿಯೇ ಇದ್ದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಅವರ ಬೆಳಗಿನ ಹೊತ್ತೆಲ್ಲ ಹಾಳಾಗಿತ್ತು. ದೋಷವನ್ನು ಆಗಲೇ ತಿದ್ದಿದ್ದರು, ಆದರೆ ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ. ಹಿಂದಿನ ಸಂಜೆಯಷ್ಟೇ ಇಂಥದೇ ಪೇಚಿಗೆ ಸಿಕ್ಕಿದ್ದ ಫೆಲ್ಡ್‌ಮನ್ ಆ ವಾರಾಂತ್ಯದಲ್ಲೇ ‘ಮೇಕ್’ ಬರೆದರು. ಯಾವ ಫೈಲು ಯಾವುದನ್ನು ನೆಚ್ಚಿಕೊಂಡಿದೆ ಎಂದು ಒಮ್ಮೆ ಬರೆದುಕೊಟ್ಟರೆ ಸಾಕು. ಫೈಲುಗಳ ಸಮಯ ನೋಡಿ, ಹಳತಾದದ್ದನ್ನು ಮಾತ್ರ ಅದು ಹೊಸದಾಗಿ ಕಟ್ಟುತ್ತದೆ. ಮೇಕ್‌ಫೈಲಿನ ಆಜ್ಞೆಗಳ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಖಾಲಿ ಸ್ಪೇಸ್ ನಡೆಯದು ಎಂಬ ನಿಯಮ ಇಂದಿಗೂ ಹೊಸಬರನ್ನು ಕಾಡುತ್ತದೆ. ಅದನ್ನು ಆಗಲೇ ಬದಲಿಸಬಹುದಿತ್ತು. ಆದರೆ ಕೆಲವೇ ವಾರಗಳಲ್ಲಿ ಹತ್ತು ಹನ್ನೆರಡು ಮಂದಿ ಮೇಕ್ ಬಳಸತೊಡಗಿದ್ದರು, ಅವರ ಕೆಲಸ ಕೆಡಿಸಲು ಫೆಲ್ಡ್‌ಮನ್‌ಗೆ ಮನಸ್ಸು ಬರಲಿಲ್ಲ.

ಮೇಕ್‌ನಿಂದ ಒಂದು ಗಣಕದೊಳಗಿನ ತೊಂದರೆ ತೀರಿತು. ಆದರೆ ಯುನಿಕ್ಸ್ ಬಲುಬೇಗ ಹಲವು ಮನೆತನಗಳಾಗಿ ಒಡೆಯಿತು. ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಒಂದು ಕಡೆ, ಬರ್ಕ್ಲಿ ವಿಶ್ವವಿದ್ಯಾಲಯದ ಬಿಎಸ್‌ಡಿ ಇನ್ನೊಂದು ಕಡೆ, ಜೊತೆಗೆ ಸನ್, ಎಚ್‌ಪಿ, ಐಬಿಎಮ್, ಡಿಜಿಟಲ್ ಕಂಪನಿಗಳ ತಮ್ಮ ತಮ್ಮ ರೂಪಗಳು. ಮೆಮೊರಿಯ ಒಂದು ತುಂಡನ್ನು ನಕಲು ಮಾಡುವ ಫಂಕ್ಷನ್ನಿಗೆ ಒಂದು ಮನೆಯಲ್ಲಿ ‘ಮೆಮ್‌ಸಿಪಿವೈ’ ಎಂದು ಹೆಸರು, ಇನ್ನೊಂದರಲ್ಲಿ ‘ಬಿಕಾಪಿ’. ಹೆಸರು ಬೇರೆಯಾದದ್ದಷ್ಟೇ ಅಲ್ಲ, ಕೊಡಬೇಕಾದ ಮೌಲ್ಯಗಳ ಕ್ರಮವೂ ತಿರುಗಮುರುಗ. ಇಂಟಿಜರ್‌ನ ಅಗಲ ಯಂತ್ರದಿಂದ ಯಂತ್ರಕ್ಕೆ ಬೇರೆ, ಬೈಟುಗಳನ್ನು ಜೋಡಿಸುವ ದಿಕ್ಕೂ ಬೇರೆ. ಹೀಗಾಗಿ ಸೋರ್ಸ್ ತರಿಸಿಕೊಂಡವರು ಮೇಕ್‌ಫೈಲನ್ನು ತೆರೆದು, ನಮ್ಮದು ಇಂಥ ಯಂತ್ರ, ಇಂಥದಿದೆ, ಇಂಥದಿಲ್ಲ ಎಂದು ಕೈಯಾರೆ ತಿದ್ದಬೇಕಿತ್ತು. ತಮ್ಮ ಗಣಕದ ಒಳಗುಟ್ಟು ಎಲ್ಲ ಬಳಕೆದಾರರಿಗೂ ಎಲ್ಲಿಂದ ಗೊತ್ತಿರಬೇಕು?

ಈ ಪ್ರಶ್ನೆಯನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡವರು ಕ್ಯಾಲಿಫೋರ್ನಿಯಾದ ಲ್ಯಾರಿ ವಾಲ್. ಮುಂದೆ ಪರ್ಲ್ ಭಾಷೆಯಿಂದ ಹೆಸರಾದ ಅವರು ಅದಕ್ಕೂ ಮೊದಲು ಯೂಸ್‌ನೆಟ್ ಸುದ್ದಿಗಳನ್ನು ಓದಲು ‘ಆರ್‌ಎನ್’ ಎಂಬ ತಂತ್ರಾಂಶ ಬರೆದಿದ್ದರು. ಅದು ಹತ್ತಾರು ಬಗೆಯ ಯುನಿಕ್ಸ್‌ಗಳಿಗೆ ಹೋಗುತ್ತಿತ್ತು. ಪ್ರತಿ ಊರಿನ ಗಣಕವೂ ಬೇರೆ. ಅದಕ್ಕೆಂದು ಅವರು ಜೊತೆಗಿಟ್ಟು ಕಳಿಸಿದ ಶೆಲ್ ಸ್ಕ್ರಿಪ್ಟಿನ ಹೆಸರೇ ಕಾನ್ಫಿಗರ್.

ಅದರ ಜಾಣತನ ಇರುವುದು ಹೀಗೆ. ಯಂತ್ರದ ಹೆಸರು ಕೇಳಿ, ಪಟ್ಟಿಯಲ್ಲಿ ಆ ಹೆಸರನ್ನು ಹುಡುಕಿ, ಇದು ಸನ್, ಹಾಗಾದರೆ ಇಂಥದಿರಬೇಕು ಎಂಬ ಊಹೆಯಷ್ಟನ್ನೇ ಅದು ನೆಚ್ಚುವುದಿಲ್ಲ. ಹೆಸರನ್ನು ನಂಬಿದರೆ ನಾಳೆ ಹೊಸ ಆವೃತ್ತಿ ಬಂದಾಗ ಮೋಸಹೋಗಬೇಕಾಗುತ್ತದೆ. ಬದಲಿಗೆ ಅದು ಸಿ ಭಾಷೆಯ ಪುಟ್ಟ ಪ್ರೋಗ್ರಾಮೊಂದನ್ನು ಅಲ್ಲೇ ಬರೆದು, ಅಲ್ಲಿನ ಕಂಪೈಲರ್‌ಗೆ ಕೊಟ್ಟು, ಓಡಿಸಿ ನೋಡುತ್ತದೆ. ಇಂಟಿಜರ್ ಎಷ್ಟು ಬೈಟು? ಮುದ್ರಿಸಿ ತೋರಿಸು. ಈ ಫಂಕ್ಷನ್ ಇದೆಯೇ? ಕರೆದು ನೋಡು. ಉತ್ತರಗಳೆಲ್ಲ ಒಂದು ಫೈಲಿನಲ್ಲಿ ಸೇರುತ್ತವೆ, ಅದರಿಂದ ಮೇಕ್‌ಫೈಲೂ ಹೆಡರ್ ಫೈಲೂ ತಯಾರಾಗುತ್ತವೆ. ಕೈಪಿಡಿ ಏನನ್ನೇ ಹೇಳಲಿ, ಯಂತ್ರವನ್ನೇ ಕೇಳಬೇಕು ಎಂಬ ಈ ತತ್ವ ಸಾಫ್ಟ್‌ವೇರ್ ಚರಿತ್ರೆಯ ದೊಡ್ಡ ಹೊಳಹುಗಳಲ್ಲಿ ಒಂದೆಂದು ನಾನು ನಂಬುತ್ತೇನೆ. ಭಾಷೆಗಳ ವಿನ್ಯಾಸದ ಬಗ್ಗೆ ಸಾವಿರ ಪುಟ ಬರೆಯುತ್ತೇವೆ, ಆ ಭಾಷೆಗಳನ್ನು ಜಗತ್ತಿನ ಮೂಲೆಮೂಲೆಗೆ ಮುಟ್ಟಿಸಿದ ಈ ಉಪಾಯದ ಬಗ್ಗೆ ಬರೆಯುವುದು ತೀರ ಕಡಿಮೆ.

ಯಂತ್ರ ಹೇಳಲಾರದ್ದನ್ನು ಕಾನ್ಫಿಗರ್ ಮನುಷ್ಯರನ್ನು ಕೇಳುತ್ತಿತ್ತು. ಎಲ್ಲಿ ಸ್ಥಾಪಿಸಲಿ? ಮ್ಯಾನ್ಯುಯಲ್ ಪುಟಗಳು ಎಲ್ಲಿರಲಿ? ಪ್ರತಿ ಪ್ರಶ್ನೆಯ ಜೊತೆಗೆ ತನಗೆ ತೋಚಿದ ಉತ್ತರವನ್ನೂ ಇಡುತ್ತಿತ್ತು, ಒಪ್ಪಿಗೆಯಾದರೆ ಎಂಟರ್ ಒತ್ತಿದರಾಯಿತು. ಆ ಕಾಲದಲ್ಲಿ ವಿಎಮ್‌ಎಸ್ ಎಂಬ ಬೇರೆಯೇ ಕಾರ್ಯಾಚರಣೆ ವ್ಯವಸ್ಥೆಯ ಯಂತ್ರಗಳ ಮೇಲೆ ಯುನಿಕ್ಸನ್ನು ಅನುಕರಿಸುವ ಯೂನಿಸ್ ಎಂಬ ವ್ಯವಸ್ಥೆಯಿತ್ತು, ಅದರಲ್ಲಿ ಕೆಲಸ ಮಾಡುವುದು ಕಷ್ಟ. ನಿಮ್ಮದು ಯೂನಿಸ್ ಅಲ್ಲವೆಂದು ಗೊತ್ತಾದೊಡನೆ ಕಾನ್ಫಿಗರ್ ಅಭಿನಂದನೆ ಹೇಳುತ್ತಿತ್ತು! ಇಷ್ಟು ಆಪ್ತವಾಗಿ ಮಾತಾಡುವ ಸ್ಕ್ರಿಪ್ಟಿಗೆ ಒಳಗಿದ್ದ ಶಿಸ್ತು ಮಾತ್ರ ಕಠಿಣ. ಹಳೆಯ ಬೋರ್ನ್ ಶೆಲ್‌ನಲ್ಲಿ ಫಂಕ್ಷನ್ ಬರೆಯುವ ಸೌಲಭ್ಯ ಇರಲಿಲ್ಲ. ಅತಿ ಹಳೆಯ ಯಂತ್ರವೂ ಹೊರಗುಳಿಯಬಾರದೆಂದು ವಾಲ್ ಫಂಕ್ಷನ್ನುಗಳನ್ನೇ ಬಿಟ್ಟು ಬರೆದರು.

1987ರ ಡಿಸೆಂಬರ್ 18ರಂದು ಪರ್ಲ್‌ನ ಮೊದಲ ಆವೃತ್ತಿ ಹೊರಬಂದಾಗ ಕಾನ್ಫಿಗರ್ ಜೊತೆಗೇ ಇತ್ತು. ಇನ್ನೊಂದು ಒಳ್ಳೆಯ ಅಭ್ಯಾಸವೂ ಬಂತು: ಮೇಕ್ ಟೆಸ್ಟ್. ಕಟ್ಟಿ ಮುಗಿದ ಇಂಟರ್‌ಪ್ರಿಟರ್ ನಿಮ್ಮ ಯಂತ್ರದಲ್ಲಿ ಸಂಖ್ಯೆಗಳನ್ನು ಸರಿಯಾಗಿ ಕೂಡುತ್ತದೆಯೇ, ಅಕ್ಷರಸರಣಿಗಳನ್ನು ಸರಿಯಾಗಿ ಕತ್ತರಿಸುತ್ತದೆಯೇ ಎಂದು, ಸ್ಥಾಪಿಸುವ ಮೊದಲೇ, ನಿಮ್ಮ ಕಣ್ಣೆದುರಿಗೇ ಪರೀಕ್ಷೆ.

1994ರಲ್ಲಿ ಬಂದ ಪರ್ಲ್ 5 ಬಹಳ ದೊಡ್ಡದು. ಅದರ ಎಷ್ಟೋ ಭಾಗಗಳನ್ನು ಸಿದ್ಧಪಡಿಸುವ ಸ್ಕ್ರಿಪ್ಟುಗಳು ಪರ್ಲ್‌ನಲ್ಲೇ ಇವೆ. ಹಾಗಾದರೆ ಪರ್ಲ್ ಇಲ್ಲದ ಗಣಕದಲ್ಲಿ ಪರ್ಲ್ ಕಟ್ಟುವುದು ಹೇಗೆ? ಮೊಸರಾಗಲು ಹೆಪ್ಪು ಬೇಕಲ್ಲ, ಇಲ್ಲಿ ಆ ಹೆಪ್ಪನ್ನೂ ಅಲ್ಲೇ ತಯಾರಿಸಿಕೊಳ್ಳುತ್ತಾರೆ. ಬರೀ ಸಿ ಕಂಪೈಲರ್‌ನಿಂದ ಮೊದಲು ‘ಮಿನಿಪರ್ಲ್’ ಎಂಬ ಚಿಕ್ಕ ಇಂಟರ್‌ಪ್ರಿಟರ್ ಹುಟ್ಟುತ್ತದೆ, ಉಳಿದದ್ದನ್ನು ಅದು ಕಟ್ಟುತ್ತದೆ. ರೂಬಿಯಲ್ಲಿ ಇದೇ ಕೆಲಸಕ್ಕೆ ‘ಮಿನಿರೂಬಿ’ ಇದೆ. ಮಿನಿಪರ್ಲ್ ಮಾಡುವ ಕೆಲಸಗಳಲ್ಲಿ ಯುನಿಕೋಡ್ ಕೋಷ್ಟಕಗಳನ್ನು ಸಿದ್ಧಪಡಿಸುವುದೂ ಒಂದು. ಜಗತ್ತಿನ ಎಲ್ಲ ಲಿಪಿಗಳ ಜೊತೆ ಕನ್ನಡವೂ ಅಲ್ಲಿ ಹಾದುಹೋಗುತ್ತದೆ: ಯಾವುದು ಅಕ್ಷರ, ಯಾವುದು ಗುಣಿತದ ಚಿಹ್ನೆ, ಯಾವುದು ಅಂಕಿ ಎಂಬುದೆಲ್ಲ ದಾಖಲಾಗುತ್ತದೆ. ಒಂದು ಪಠ್ಯದಿಂದ ಕನ್ನಡ ಲಿಪಿಯನ್ನಷ್ಟೇ ಆರಿಸಿ ತೆಗೆ ಎಂದು ಪರ್ಲ್‌ಗೆ ಹೇಳಿದರೆ ಅದು ತೆಗೆದುಕೊಡುವುದು ಇಂಥ ಕೋಷ್ಟಕಗಳ ಬಲದಿಂದ.

ಇಂದು ನಾವು ಹೆಚ್ಚಾಗಿ ಕಾಣುವ ಕಾನ್ಫಿಗರ್ ಮಾತ್ರ ಬೇರೆ ಕವಲಿನದು. 1991ರ ಜೂನ್‌ನಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಡೇವಿಡ್ ಮೆಕೆಂಜಿ ಗ್ನೂ ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದರು. ಮೇಕ್‌ಫೈಲಿನಲ್ಲಿ ಬಳಕೆದಾರರು ಕೈಯಿಂದ ಆರಿಸಬೇಕಾದ ಸಂಗತಿಗಳು ಸುಮಾರು 20ಕ್ಕೆ ಮುಟ್ಟಿದ್ದವು. ಅವರೂ ಇವನ್ನು ತಾನೇ ಕಂಡುಕೊಳ್ಳುವ ಒಂದು ಸ್ಕ್ರಿಪ್ಟ್ ಬರೆದರು. ಅದನ್ನು ಒಂದೊಂದು ತಂತ್ರಾಂಶಕ್ಕೂ ಕೈಯಿಂದ ಹೊಂದಿಸಿ ಸಾಕಾಗಿ, ಕೊನೆಗೆ ಅಂಥ ಸ್ಕ್ರಿಪ್ಟುಗಳನ್ನೇ ಹೆರುವ ಸಾಧನ ಮಾಡಿದರು: ಆಟೊಕಾನ್ಫ್. ಇದು ಹೆರುವ ಸ್ಕ್ರಿಪ್ಟು ಪ್ರಶ್ನೆ ಕೇಳುವುದಿಲ್ಲ, ಹೇಳಬೇಕಾದ್ದನ್ನು ಆಜ್ಞೆಯ ಜೊತೆಗೇ ಹೇಳಿಬಿಡಬೇಕು. ಆಟೊಕಾನ್ಫ್ ನೆಚ್ಚಿಕೊಂಡಿರುವ ಎಮ್4 ಎಂಬ ಮ್ಯಾಕ್ರೊ ಭಾಷೆಯ ಕಷ್ಟವೆಲ್ಲ ಬರೆಯುವವರಿಗೆ, ಕಟ್ಟಿಕೊಳ್ಳುವವರಿಗೆ ಶೆಲ್ ಮತ್ತು ಕಂಪೈಲರ್ ಇದ್ದರೆ ಸಾಕು. ಗೀಡೊ ವಾನ್ ರಾಸಮ್ 1991ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಹೊರಬಿಟ್ಟ ಪೈಥಾನ್ ಕೂಡ ಮುಂದೆ ಇದೇ ದಾರಿ ಹಿಡಿಯಿತು.

ಈ ಅನುಕೂಲಕ್ಕೆ ತೆತ್ತ ಬೆಲೆ ಚಿಕ್ಕದಲ್ಲ. ಯಂತ್ರವೊಂದು ಹೆರುವ ಸಾವಿರಾರು ಸಾಲಿನ ಸ್ಕ್ರಿಪ್ಟನ್ನು ಯಾರೂ ಓದುವುದಿಲ್ಲ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಗಣಕಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬ ಸಣ್ಣ ಅನುಮಾನದ ಬೆನ್ನುಹತ್ತಿ ಹೋದರು. ಎಕ್ಸ್‌ಜೆಡ್ ಎಂಬ ಕಂಪ್ರೆಶನ್ ತಂತ್ರಾಂಶದಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ಎಮ್4 ಫೈಲು. ಎಲ್ಲರೂ ನೋಡುವ ಸೋರ್ಸ್ ಭಂಡಾರದಲ್ಲಿ ಅದು ಇರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಮುಖ್ಯ ವಿಷವನ್ನು ಪರೀಕ್ಷೆಗೆಂದು ಇಟ್ಟ ಫೈಲುಗಳೊಳಗೆ ಅಡಗಿಸಿದ್ದರು. ಹಳೆಯ ಕಾನ್ಫಿಗರ್ ಆಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನಲಾರೆ, ಅದೂ 20 ಸಾವಿರ ಸಾಲು ದಾಟಿದೆ. ಆದರೆ ಕಟ್ಟುವ ವಿಧಾನವೂ ಸೋರ್ಸ್‌ನಷ್ಟೇ ಕಣ್ಣಿಗೆ ಬೀಳುವಂತಿರಬೇಕು ಎಂಬ ಒತ್ತಾಯ ನ್ಯಾಯವಾದದ್ದು, ಅದನ್ನು ನಾವು ಬಿಡಬಾರದು.

ಕಟ್ಟಿ ನೋಡುವ ಆಸೆಯಿರುವ ವಿದ್ಯಾರ್ಥಿಗಳಿಗೆ ಪರ್ಲ್ ಈಗಲೂ ಒಳ್ಳೆಯ ಮೊದಲ ಪಾಠ. ಪ್ರಿಫಿಕ್ಸ್ ಎಂಬಲ್ಲಿ ನಿಮ್ಮದೇ ಹೋಮ್ ಡೈರೆಕ್ಟರಿಯ ಒಂದು ಜಾಗ ಕೊಡಿ, ಆಗ ವ್ಯವಸ್ಥೆಯ ಮೂಲ ಪರ್ಲ್‌ಗೆ ಧಕ್ಕೆಯಾಗದು. ಪೈಥಾನ್ ಕಟ್ಟುವವರು ಕೊನೆಯಲ್ಲಿ ‘ಮೇಕ್ ಆಲ್ಟ್‌ಇನ್‌ಸ್ಟಾಲ್’ ಎನ್ನಲಿ. ಹಾಗೆ ಮಾಡಿದರೆ ಹೊಸದು ‘ಪೈಥಾನ್3’ ಎಂಬ ಸಾಮಾನ್ಯ ಹೆಸರನ್ನು ಕಸಿದುಕೊಳ್ಳದೆ ತನ್ನ ಆವೃತ್ತಿಯ ಹೆಸರಿನಲ್ಲೇ ನಿಲ್ಲುತ್ತದೆ. ಪರ್ಲ್ ಕಟ್ಟುವಾಗ ಎಲ್ಲ ಪ್ರಶ್ನೆಗಳಿಗೂ ತಾನೇ ಉತ್ತರಿಸಿಕೊಳ್ಳುವ ಆಯ್ಕೆ ಕಾನ್ಫಿಗರ್‌ನಲ್ಲಿದೆ, ಆದರೆ ಮೊದಲ ಸಲ ಅದನ್ನು ಕೊಡಬೇಡಿ, ಪ್ರಶ್ನೆಗಳನ್ನು ಓದಿ. ಎಲ್ಲ ಮುಗಿದ ಮೇಲೆ ನೀವು ಕಟ್ಟಿದ ಪರ್ಲ್‌ನ ಪೂರ್ತಿ ದಾರಿ ಬರೆದು ಅಡ್ಡಗೆರೆಯ ಜೊತೆ ದೊಡ್ಡಕ್ಷರದ ವಿ ಒತ್ತಿದರೆ, ಯಾವ ಕಂಪೈಲರ್, ಇಂಟಿಜರ್ ಎಷ್ಟು ಬೈಟು, ಬೈಟುಗಳ ಕ್ರಮ ಯಾವುದು, ಯಾವ ದಿನ ಕಟ್ಟಿದ್ದು ಎಂದು ನಿಮ್ಮ ಯಂತ್ರ ಕೊಟ್ಟ ಉತ್ತರಗಳು ಪರದೆಯ ಮೇಲೆ ಬರುತ್ತವೆ.