ಶಿಶುಸೇವಕಿಯರನ್ನು ತಿದ್ದುವ ಬಗೆ

ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ ಎಂದು ನಮ್ಮ ಹಿರಿಯರು ಸುಮ್ಮನೆ ಆಡಲಿಲ್ಲ. ಮೊದಲ ಮೂರು ವರ್ಷಗಳಲ್ಲಿ ಮಿದುಳು ಬೆಳೆಯುವಷ್ಟು ವೇಗವಾಗಿ ಮುಂದೆಂದೂ ಬೆಳೆಯದೆಂದು ಇಂದಿನ ವೈದ್ಯಶಾಸ್ತ್ರವೂ ಸಾರುತ್ತಿರುವುದು. ಆದುದರಿಂದ ನಡೆಯಲು, ನುಡಿಯಲು ತಡಮಾಡುವ ಕೂಸಿಗೆ ನೆರವು ಬೇಗನೆ ದೊರೆಯಬೇಕು. ಆ ನೆರವನ್ನು ಮನೆ ಬಾಗಿಲಿಗೆ ತರುವವಳಿಗೆ ದಾರಿ ತೋರಿಸುವುದು ಹೇಗೆ? ಈ ಪ್ರಶ್ನೆಯನ್ನೇ ನಾವಿಂದು ವಾಚಕರ ಮುಂದಿಡುತ್ತೇವೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ನೆಯ ಅಕ್ಟೋಬರ್ 2ರಂದು ಮೊದಲಾಯಿತು. ಕರ್ನಾಟಕದಲ್ಲಿ ಅದರ ಮೊದಲ ಹೆಜ್ಜೆ ತಿರುಮಕೂಡಲು ನರಸೀಪುರದಲ್ಲಿ ಮೂಡಿತು. ಅಂಗನವಾಡಿ ಕಾರ್ಯಕರ್ತೆಯು ಮಕ್ಕಳನ್ನು ತೂಗುವಳು, ಆಹಾರ ಹಂಚುವಳು, ಲೆಕ್ಕ ಬರೆಯುವಳು. ಮನೆಮನೆಗೂ ಹೋಗಿ ತಾಯಂದಿರಿಗೆ ತಿಳಿಯಹೇಳತಕ್ಕವಳೂ ಅವಳೇ. ಮೂರು ವರ್ಷದೊಳಗಿನ ಕೂಸುಗಳೊಡನೆ ಮನೆಯವರು ಆಡತಕ್ಕ ಆಟಗಳನ್ನು ತಿಳಿಸುವ ‘ನವಚೇತನಾ’ ಕ್ರಮವನ್ನು ಕೇಂದ್ರ ಸರ್ಕಾರವು 2024ರಲ್ಲಿ ಹೊರಡಿಸಿತು. ಆದರೆ ಪುಸ್ತಕವು ಕೈ ಹಿಡಿದು ನಡೆಸಲಾರದು. ಆ ಕೆಲಸ ಮೇಲ್ವಿಚಾರಕಿಯದು.

ಸುರಪುರದ ಮಗ್ಗುಲಲ್ಲಿರುವ ರಂಗಂಪೇಟೆಯ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳೋಣ. ಈ ಸೀಮೆಯ ಅನೇಕರಂತೆ ತಂದೆಯು ಬೆಂಗಳೂರಿಗೆ ಗುಳೆ ಹೋಗಿರುವನು. ಕೂಸಿಗೆ ಎರಡು ತುಂಬಿದೆ. “ಇನ್ನಾ ಮಾತಾಡವಲ್ದು, ಅಕ್ಕೋರ,” ಎಂದು ತಾಯಿ ಮೆಲ್ಲನೆ ಹೇಳುವಳು. “ಅವರಪ್ಪನೂ ತಡಾನೇ ಮಾತಾಡಿದ,” ಎಂದು ಅಜ್ಜಿ ತಡೆಯುವಳು. ಮೇಲ್ವಿಚಾರಕಿ ಪಕ್ಕದಲ್ಲಿರುವ ಅಳುಕಿನಿಂದ ಕಾರ್ಯಕರ್ತೆಯು ನಾಲ್ಕು ಬುದ್ಧಿಮಾತುಗಳನ್ನು ಒಪ್ಪಿಸಿ ಎದ್ದುಬಿಡುವಳು. ಕೂಸಿಗೆ ಕಿವಿ ಕೇಳಿಸುವುದೋ ಇಲ್ಲವೋ ಎಂದು ಯಾರೂ ವಿಚಾರಿಸಲಿಲ್ಲ.

ಈಗ ಮೇಲ್ವಿಚಾರಕಿಯು ತಾಯಿಯ ಎದುರಿನಲ್ಲೇ “ಇಷ್ಟೂ ತಿಳಿಯದೇ?” ಎಂದು ಗದರಿದರೆ ಫಲವೇನು? ಕೊರತೆ ಕಂಡರೆ ಬೈಗುಳವೆಂದು ಅರಿತವಳು ಮುಂದೆ ಕೊರತೆಯಿಲ್ಲದ ಮನೆಗಳಿಗೇ ಹೋಗುವಳು. ಕೂಸಿನ ಅಮೂಲ್ಯವಾದ ಕಾಲವು ಕಳೆದುಹೋಗುವುದು.

ಬಲ್ಲವಳಾದರೋ ಹೊರಗೆ ಬರುವವರೆಗೆ ತಾಳುವಳು, “ನಿಮಗೆ ಹೇಗೆ ಅನಿಸಿತು?” ಎಂದು ಮೊದಲು ಕೇಳುವಳು. ತಾನು ಕಂಡ ಒಂದು ಒಳ್ಳೆಯದನ್ನು ಹೆಸರಿಸಿ ಹೇಳುವಳು: “ನೀವು ನೆಲದ ಮೇಲೆ ಕುಳಿತಿರಿ, ಕೂಸು ನಿಮ್ಮ ಮುಖ ನೋಡಿತು.” ಆಮೇಲೆ ತಿದ್ದತಕ್ಕದ್ದು ಒಂದೇ ಒಂದು: “ತಾಯಿಯ ಮಾತು ಹಿಡಿದು ಇನ್ನೊಂದು ಪ್ರಶ್ನೆ ಕೇಳಬಹುದಿತ್ತಲ್ಲವೇ?” ತಾನೇ ತಾಯಿಯ ಪಾತ್ರ ವಹಿಸಿ ಆ ಪ್ರಶ್ನೆಯನ್ನು ಆಡಿಸಿ ನೋಡುವಳು, ಕೆಲದಿನಗಳಲ್ಲೇ ಜೊತೆಗೂಡಿ ಮತ್ತೆ ಆ ಮನೆಗೆ ಹೋಗುವಳು. ಹೀಗಾದಾಗ ಕಿವಿಯ ಸಂದೇಹವು ಬಯಲಿಗೆ ಬಂದು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ಬಳಿಗೆ ಕೂಸು ತಲಪುವುದು. ತನ್ನನ್ನು ಗೌರವದಿಂದ ತಿದ್ದಿದ ರೀತಿಯಲ್ಲೇ ಕಾರ್ಯಕರ್ತೆಯು ತಾಯಿಯನ್ನೂ ತಿದ್ದುವಳು: ಆಟವನ್ನು ತಾನು ಆಡಿ ತೋರಿಸಿ, ತಾಯಿಯ ಕೈಯಿಂದಲೇ ಆಡಿಸಿ, ಮೆಚ್ಚುವಳು.

ಇದು ಬರಿಯ ಸೌಜನ್ಯದ ಮಾತಲ್ಲ. ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ 1986ರ ಸುಮಾರಿಗೆ, ಬೆಳವಣಿಗೆ ಕುಂಠಿತವಾದ 129 ಕೂಸುಗಳನ್ನು ಒಂದು ಅಧ್ಯಯನಕ್ಕೆ ಆರಿಸಿದರು. ಅವುಗಳಲ್ಲಿ ಕೆಲವು ಕೂಸುಗಳ ಮನೆಗೆ ತರಬೇತಿ ಪಡೆದ ಆರೋಗ್ಯ ಸಹಾಯಕಿಯರು ಎರಡು ವರ್ಷ ವಾರಕ್ಕೊಮ್ಮೆ ಹೋಗಿ ತಾಯಂದಿರಿಗೆ ಆಟ ಕಲಿಸಿದರು. ಇಪ್ಪತ್ತು ವರ್ಷಗಳ ತರುವಾಯ, ಈ ನೆರವು ಪಡೆಯದಿದ್ದವರಿಗಿಂತ ಅವರ ಸಂಪಾದನೆ ನೂರಕ್ಕೆ 25ರಷ್ಟು ಹೆಚ್ಚಾಗಿದ್ದುದು ಕಂಡುಬಂದಿತು.

ಗೃಹಸ್ಥರಲ್ಲಿ ನಮ್ಮ ವಿನಂತಿ ಇಷ್ಟೇ. ಕಾರ್ಯಕರ್ತೆ ಬಂದಾಗ ಕೂಸಿನ ಕೊರತೆಯನ್ನು ಮುಚ್ಚಿಡಬೇಡಿರಿ. ಅವಳು ಹೇಳಿದ್ದರಲ್ಲಿ ಕೈಗೂಡಿದ್ದೇನು, ಕೈಗೂಡದ್ದೇನು ಎಂಬುದನ್ನು ಮುಂದಿನ ಸಲ ಅವಳಿಗೆ ತಿಳಿಸಿರಿ. ಅವಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರಿಲ್ಲ.